ಬೀಗರ ಕೋಳಿಗೆ ಬೇರೆ ಗುಡಿಸಲು

ಆವತ್ತು ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಐದು ಜನ ಇದ್ದೆವು. ಬಾಗಿಲಿಗೆ ಒರಗಿಕೊಂಡು ನಮ್ಮವ್ವ. ಕಂಬಕ್ಕೆ ಬೆನ್ನು ಕೊಟ್ಟುಕೊಂಡು ಏಳು ತಿಂಗಳ ಬಸುರಿ, ನನ್ನ ತಂಗಿ ಜಯಿ. ಚಾಪೆಯ ನಟ್ಟನಡುವೆ ಎಲೆ ಅಡಿಕೆ ತಟ್ಟೆಯನ್ನು ಮುಂದಕ್ಕೆಳೆದುಕೊಂಡು ಮಳವಳ್ಳಿ ಕಡೆಯ ಬೀಗಿತ್ತಿ ನಿಂಗಮ್ಮನವರು, ಎಂದರೆ ಜಯಿಯ ಅತ್ತೆ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ನಮ್ಮ ಚಿಕ್ಕಪ್ಪ. ಕಚೇರಿಗೆ ಹೊತ್ತಾಯಿತೆಂದು ಸೈಕಲ್ಲು ಹಿಡಿದುಕೊಂಡು, ಹೊರಟೂ ಹೊರಡದೆ ನಿಂತಿದ್ದ ನಾನು. ಬೀಗಿತ್ತಿಯ ಮಡಿಲಲ್ಲಿ ಒಂದು ಕೆಂಚು ಹೇಂಟೆ ಇತ್ತು. ಸೊಸೆಯ ಬಾಣಂತನಕ್ಕೆ ತಮ್ಮ ಕಡೆಯದೂ ಒಂದಿರಲಿ ಎಂದು ಅವರು ಊರಿಂದ ಎತ್ತಿಕೊಂಡು ಬಂದದ್ದು. ಮಾತಿನ ನಡುವೆ ಅದು ಸೀನಿತು. ಸಣ್ಣ ಸೀನು. ಐದು ಜನರಿಗೂ ಕೇಳಿಸಿತು. ಬೀಗಿತ್ತಿ ಸೆರಗಿನ ತುದಿಯಿಂದ ಅದರ ಮೂಗು ಒರೆಸಿ, "ಬಸ್ಸಿನ ಧೂಳು ಕಣಕ್ಕ" ಎಂದರು. "ಊಂ ಕಣಮ್ಮ, ರಸ್ತೆ ಎಲ್ಲಾ ಧೂಳು" ಎಂದಳು ಅವ್ವ.

ನಾನು ನಾಲ್ಕಕ್ಷರ ಓದಿದವನು, ಮಂಡ್ಯದಲ್ಲಿ ಗುಮಾಸ್ತನಾಗಿದ್ದವನು, ದಿನವೂ ಕೊತ್ತತ್ತಿಯಿಂದ ಸೈಕಲ್ಲು ತುಳಿದು ಲೋಕವನ್ನು ನೋಡಿಬರುತ್ತಿದ್ದವನು. ಆ ಗಳಿಗೆಯಲ್ಲಿ "ಆ ಕೋಳಿಯನ್ನು ವಸಿ ದೂರ ಇಡೋಣ" ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಏಕೆಂದರೆ ಬೀಗರು ತಂದ ಪದಾರ್ಥದಲ್ಲಿ ಐಬು ಕಾಣುವುದಕ್ಕಿಂತ ದೊಡ್ಡ ಅಪರಾಧ ನಮ್ಮ ಸೀಮೆಯಲ್ಲಿ ಇಲ್ಲ. ಅವರು ಹುಳುಕು ಬದನೆಕಾಯಿ ತಂದರೂ ಹುಳ ತೆಗೆದು ಹೊಗಳಿ ಅಡುಗೆ ಮಾಡಬೇಕು. ಆವತ್ತು ನಾನು ಬಾಯಿ ಮುಚ್ಚಿಕೊಂಡದ್ದು ತಪ್ಪು ಎಂದು ಒಪ್ಪುತ್ತೇನೆ. ಆದರೆ ಅದಾದ ಎರಡು ತಿಂಗಳಿಗೆ ಬಾಯಿ ಬಿಟ್ಟೆನಲ್ಲ, ಅದಕ್ಕಾಗಿ ಊರು, ನೆಂಟರಿಷ್ಟರು, ಹೆತ್ತ ತಾಯಿ ಎಲ್ಲ ಸೇರಿ ನನಗೆ ಉಗಿದರಲ್ಲ, ಆ ಬಾಯಿ ಬಿಟ್ಟದ್ದನ್ನು ಮಾತ್ರ ತಪ್ಪು ಎಂದು ಒಪ್ಪುವುದಿಲ್ಲ. ಆಗಲೂ ಒಪ್ಪಲಿಲ್ಲ, ಈಗ ಹಲ್ಲು ಬಿದ್ದ ಮೇಲೂ ಒಪ್ಪುವುದಿಲ್ಲ.

ಅವ್ವನಿಗೆ ತಾನು ಸಾಕಿದ್ದ ಕೋಳಿಗಳ ಮೇಲೆ ಯಾಕೆ ಅಷ್ಟು ಪ್ರಾಣ ಎಂಬುದನ್ನು ಮೊದಲು ಹೇಳಬೇಕು. ಜಯಿಯ ಮದುವೆಯಾದ ಮೇಲೆ ನಮ್ಮ ಮನೆಯಲ್ಲಿ ಬೀಗರೂಟ ಮಾಡಿದೆವು. ಮಳವಳ್ಳಿ ಕಡೆಯಿಂದ ನಾವು ಎಣಿಸಿದ್ದಕ್ಕಿಂತ ಎರಡು ಗಾಡಿ ಜನ ಹೆಚ್ಚು ಬಂದರು. ಮೊದಲ ಪಂಕ್ತಿಗೆ ಕೋಳಿ ಸಾರು ಸಾರಾಗಿಯೇ ಇತ್ತು. ಎರಡನೆಯ ಪಂಕ್ತಿಯ ಹೊತ್ತಿಗೆ ಚಿಕ್ಕಪ್ಪ ಯಾರಿಗೂ ಹೇಳದೆ ಕೊಪ್ಪರಿಗೆಗೆ ಎರಡು ಕೊಡ ಬಿಸಿನೀರು ಸುರಿದ. ಎರಡನೆಯ ಪಂಕ್ತಿಯಲ್ಲಿ ಕೂತಿದ್ದವರು ನಿಂಗಮ್ಮನವರು. ಅವರು ಎಲೆಯ ಮೇಲಿನ ಮುದ್ದೆಯನ್ನು ಸಾರಿನಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ, "ಕೊತ್ತತ್ತಿ ನಾಲೆ ನೀರು ಬಲು ತಿಳಿ ಕಣ್ರವ್ವ" ಎಂದರಂತೆ. ಆ ಮಾತು ಅವ್ವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಜಯಿ ಬಸುರಿ ಎಂಬ ಸುದ್ದಿ ಬಂದ ದಿನವೇ ಅವ್ವ ಮರಿಗಳನ್ನು ಬಿಡಿಸಲು ಕಾವಿಗೆ ಕೋಳಿ ಕೂರಿಸಿದಳು. ಮರಿಗಳನ್ನು ಹದ್ದಿಗೂ ಬೆಕ್ಕಿಗೂ ಕೊಡದೆ ಕಾದು, ರಾಗಿ ನುಚ್ಚು ಹಾಕಿ, ಹನ್ನೊಂದು ಕೋಳಿಗಳನ್ನು ದೊಡ್ಡವು ಮಾಡಿದಳು. ಮನೆಗೆ ಯಾರೇ ಬಂದರೂ, ನನ್ನ ಮೇಲಧಿಕಾರಿಯೇ ಒಮ್ಮೆ ಊಟಕ್ಕೆ ಬಂದಾಗಲೂ, ಅವ್ವ ಅವುಗಳಲ್ಲಿ ಒಂದರ ಮೇಲೂ ಕೈಯಿಡಲಿಲ್ಲ. ಆ ದೊಡ್ಡ ಮನುಷ್ಯ ಹುರುಳಿಕಾಳಿನ ಬಸ್ಸಾರು ಉಂಡು ಹೋದ. "ಬಾಣಂತಿ ಕೋಳಿ ಕಣ್ಲಾ ಅವು. ದೇವರು ಬಂದು ಕೇಳಿದ್ರೂವೆ ಕೊಡಾಕಿಲ್ಲ" ಎಂಬುದು ಅವಳ ಮಾತು.

ಇಂಥ ಹನ್ನೊಂದರ ನಡುವೆ ಬೀಗಿತ್ತಿಯ ಕೆಂಚು ಕೋಳಿ ಬಂದು ಸೇರಿತು. ಸೇರಿತು ಎಂದರೆ ಸುಮ್ಮನೆ ಅಲ್ಲ, ಶಾಸ್ತ್ರೋಕ್ತವಾಗಿ. ಬೀಗರ ಮನೆಯ ಕೋಳಿ ಬಂದರೆ ಅದರ ಕಾಲಿಗೆ ನೀರು ಹಾಕಿ, ಒರಳುಕಲ್ಲನ್ನು ಮೂರು ಸುತ್ತು ಸುತ್ತಿಸಿ, ತಂದವರ ಕಣ್ಣೆದುರಿಗೇ ನಮ್ಮ ಕೋಳಿಗಳ ಜೊತೆ ಗೂಡಿಗೆ ಬಿಡುವುದು ನಮ್ಮ ಮನೆತನದ ಪದ್ಧತಿ. ಬೇರೆ ಕೂಡಿಹಾಕಿದರೆ ಬೀಗತನವನ್ನೇ ಬೇರೆ ಮಾಡಿದಂತೆ. ಗೂಡಿನ ಬಾಗಿಲಲ್ಲಿ ಇಬ್ಬರು ಹೆಂಗಸರೂ ಬಗ್ಗಿ ನಿಂತರು. ಕೆಂಚು ಕೋಳಿ ಒಳಗೆ ಹೋದದ್ದೇ ನೀರಿನ ಬಾನಿಗೆ ಮೂಗಿನವರೆಗೂ ಅದ್ದಿ ಕುಡಿಯಿತು. "ನೋಡಿದ್ಯಾ, ಎಂಗೆ ಒಂದ್ಕೊಂಡ್ತು!" ಎಂದು ಬೀಗಿತ್ತಿ ಹಿಗ್ಗಿದರು. ಹೊಂದಿಕೊಂಡದ್ದು ನಿಜ. ಎಂಟು ದಿನದೊಳಗೆ ಹನ್ನೆರಡೂ ಒಂದೇ ಸಮ ಸೀನುತ್ತಿದ್ದವು.

ಶೀತ ಎಂದರೆ ನಮ್ಮ ನಿಮ್ಮ ಶೀತದಂಥದಲ್ಲ ಅದು. ಮೂಗಿನಲ್ಲಿ ಮೊದಲು ನೀರು, ಆಮೇಲೆ ಅಂಟು. ಮುಖ ಊದಿ, ಕಣ್ಣು ಮುಚ್ಚಿ, ಕೋಳಿಯ ತಲೆ ಬೆಂದ ಗೆಣಸಿನಂತೆ ಆಗುತ್ತಿತ್ತು. ಹತ್ತಿರ ಹೋದರೆ ಒಂದು ಥರದ ಕೆಟ್ಟ ನಾತ. ಗೂಡಿಗೆ ಕಿವಿಗೊಟ್ಟರೆ ಯಲಿಯೂರು ಸ್ಟೇಷನ್ನಿನಲ್ಲಿ ನಿಂತ ಎಂಜಿನ್ನು ಉಸಿರು ಬಿಟ್ಟ ಹಾಗೆ ಗೊರಗೊರ. ಆಗಷ್ಟೇ ಇಡತೊಡಗಿದ್ದ ಮೊಟ್ಟೆ ನಿಂತೇಹೋಯಿತು. ಅವ್ವ ಬೆಳ್ಳುಳ್ಳಿ ಜಜ್ಜಿ ನುಂಗಿಸಿದಳು, ಬೇವಿನೆಣ್ಣೆ ಸವರಿದಳು. ಆಮೇಲೆ ಚಿಕ್ಕಪ್ಪ ತನ್ನ ವಿದ್ಯೆ ತೆಗೆದ. ಕೋಳಿಯದೇ ರೆಕ್ಕೆಯಿಂದ ಒಂದು ಪುಕ್ಕ ಕಿತ್ತು, ಅದರ ಕಡ್ಡಿಯನ್ನು ಒಂದು ಹೊಳ್ಳೆಯಲ್ಲಿ ತೂರಿಸಿ ಇನ್ನೊಂದು ಹೊಳ್ಳೆಯಲ್ಲಿ ಹೊರಡಿಸಿ, ಹಾಗೆಯೇ ಬಿಟ್ಟುಬಿಡುವುದು. ನಮ್ಮ ಕಡೆ ಇದು ಹಳೆಯ ಮದ್ದು. ಒಂದೊಂದೇ ಪುಕ್ಕ ಏರಿಸಿ ಹನ್ನೆರಡನ್ನೂ ಅಂಗಳಕ್ಕೆ ಬಿಟ್ಟಾಗ, ಮೂಗಿನ ಎರಡೂ ಪಕ್ಕ ಪುಕ್ಕ ಚಾಚಿಕೊಂಡ ಆ ಹೇಂಟೆಗಳು ಹುರಿ ಮೀಸೆಯ ದಫೇದಾರರ ಪಟಾಲಮ್ಮಿನಂತೆ ಓಡಾಡಿದವು. ಜಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಗಬ್ಯಾಡ ಕಣವ್ವ, ಹೆರಿಗೆ ಈಗ್ಲೇ ಆದಾತು" ಎಂದು ಅವ್ವ ಗದರಿದಳು. ದಫೇದಾರರಲ್ಲಿ ಮೂವರು ಅದೇ ವಾರ ತೀರಿಕೊಂಡರು.

ಊರಿನವರು ಸಲಹೆ ಕೊಡಲು ಬಂದರು. ಎಲ್ಲರದೂ ಒಂದೇ ಸಲಹೆ: ಸಾಯುವ ಮುಂಚೆ ಕುಯ್ದು ತಿಂದುಬಿಡಿ, ನಮಗೂ ಹೇಳಿಕಳಿಸಿ. ಅವ್ವ ಒಪ್ಪಲಿಲ್ಲ. "ಬಾಣಂತಿ ಕೋಳಿನ ಬಸುರೀಲೇ ಉಣ್ಣಕಾಯ್ತದಾ? ಆಮೇಕೆ ಮಗಾ ಉಟ್ದಾಗ ಆ ಮಳವಳ್ಳಿಯವ್ಳ ಮುಂದೆ ಏನ್ಲಾ ಬೇಯ್ಸಿ ಇಕ್ಲಿ? ಇನ್ನೊಂದ್ಸಲ ನಾಲೆ ನೀರು ಅಂತ ಅನ್ನುಸ್ಕಳ್ಳಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನನ್ನ ತಾಯಿ ಗಂಡ ಸತ್ತಾಗಲೂ ಊರ ಮುಂದೆ ಅತ್ತವಳಲ್ಲ. ಆವತ್ತೇ ನಾನು ಒಂದು ಊದಿದ ಮುಖದ ಕೋಳಿಯನ್ನು ಗೋಣಿತಾಟಿನಲ್ಲಿ ಸುತ್ತಿ, ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಮಂಡ್ಯದ ದನದ ಡಾಕ್ಟರ ಬಳಿಗೆ ಹೋದೆ.

ಅಲ್ಲಿ ನನ್ನ ಮುಂದೆ ಏಳು ಎತ್ತು, ಒಂದು ಎಮ್ಮೆ ನಿಂತಿದ್ದವು. ಎತ್ತುಗಳ ಯಜಮಾನರು ನನ್ನ ತೊಡೆಯ ಮೇಲಿನ ಗಂಟನ್ನು ನೋಡಿ, "ಏನ್ ಗೌಡ್ರೇ, ಎಳೆಗರಾನಾ?" ಎಂದು ಕೇಳಿದರು. "ಕೋಳಿ" ಎಂದೆ. ಅಲ್ಲಿಂದ ನನ್ನ ಸರದಿ ಬರುವವರೆಗೂ ಅವರಿಗೆ ನಗುವುದಕ್ಕೆ ಬೇರೆ ವಿಷಯ ಬೇಕಾಗಲಿಲ್ಲ. ಡಾಕ್ಟರು ಮಾತ್ರ ನಗಲಿಲ್ಲ. ವಯಸ್ಸಾದವರು, ಕನ್ನಡಕ ಹಣೆಗೇರಿಸಿಕೊಂಡು ಕೋಳಿಯ ಮೂಗು ಒತ್ತಿ ನೋಡಿದರು, ಮೂಸಿದರು ಕೂಡ.

"ಹೊಸ ಕೋಳಿ ಏನಾದರೂ ಬಂದಿತ್ತಾ ಮನೆಗೆ?" ಎಂದರು.

"ಬಂದಿತ್ತು ಸ್ವಾಮಿ. ಬೀಗರ ಮನೇದು."

"ಸೀನುತ್ತಿತ್ತೇ?"

"ಒಂದು ಸಲ ಸೀನಿತು."

"ಆದರೂ ಅವತ್ತೇ ಜೊತೆಗೆ ಬಿಟ್ಟಿರಾ? ಯಾಕ್ರೀ?"

"ಮರ್ಯಾದೆಗೆ" ಎಂದೆ.

"ಈ ರೋಗದ ಕ್ರಿಮಿಗೆ ಬೀಗತನ ಗೊತ್ತಾಗುವುದಿಲ್ಲ" ಎಂದರು ಡಾಕ್ಟರು, ಬಹಳ ಬೇಸರದಿಂದ. ಆಮೇಲೆ ಎಮ್ಮೆಯವನು ಗೊಣಗುತ್ತಿದ್ದರೂ ಲೆಕ್ಕಿಸದೆ ನನಗೆ ಬಿಡಿಸಿ ಹೇಳಿದರು. ಇದು ಮಾರಿಯೂ ಅಲ್ಲ, ಗಾಳಿಯೂ ಅಲ್ಲ, ಕ್ರಿಮಿ. ಮೂಗಿನ ನೀರಿನಿಂದ ಕುಡಿಯುವ ನೀರಿಗೆ, ಅಲ್ಲಿಂದ ಇನ್ನೊಂದರ ಮೂಗಿಗೆ. ಪುಕ್ಕ ಚುಚ್ಚಿದರೆ ಒಂದರ ಮೂಗಿನದು ಚುಚ್ಚುವವನ ಕೈಯಿಂದ ಹನ್ನೊಂದಕ್ಕೂ ಹಂಚಿದಂತಾಗುತ್ತದೆ. ಕಾಯಿಲೆಯವನ್ನು ಬೇರೆ ಮಾಡಿ; ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಕಣ್ಣು ತೊಳೆಯಿರಿ; ಕಾಲರಾ ಬಂದಾಗ ಬಾವಿಗೆ ಹಾಕುತ್ತಾರಲ್ಲ, ಆ ಕೆಂಪು ಪುಡಿಯನ್ನು ಚಿಟಿಕೆಯಷ್ಟು ಕುಡಿಯುವ ನೀರಿಗೆ ಹಾಕಿ. ಇಷ್ಟರಲ್ಲಿ ಬಹಳಷ್ಟು ಬದುಕುತ್ತವೆ. ನಾನು ಸಂತೋಷದಿಂದ ಎದ್ದೆ. "ಕೂತ್ಕೊಳ್ಳಿ, ಮುಗಿಯಲಿಲ್ಲ" ಎಂದರು. "ಬದುಕಿದವು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತವೆ. ಆದರೆ ಕ್ರಿಮಿ ಒಳಗೇ ಇರುತ್ತದೆ. ಮುಂದೆ ಯಾವ ಹೊಸ ಕೋಳಿ ಬಂದರೂ ಅದಕ್ಕೆ ಕೊಡುತ್ತವೆ. ಅವನ್ನು ಸಾಕಬೇಡಿ. ಚೆನ್ನಾಗಿ ಬೇಯಿಸಿ ತಿಂದು ಮುಗಿಸಿ. ಗೂಡು ಖಾಲಿ ಮಾಡಿ, ಕಸ ಸುಟ್ಟು, ಸುಣ್ಣ ಬಳಿದು, ಬಿಸಿಲಿಗೆ ಬಿಡಿ. ಇನ್ನು ಮೇಲೆ ಹೊಸ ಕೋಳಿ ಯಾವುದೇ ಬರಲಿ, ಯಾರದೇ ಆಗಿರಲಿ, ಹದಿನೈದು ದಿನ ದೂರ ಇಟ್ಟು ನೋಡಿ." ಯಾರದೇ ಆಗಿರಲಿ ಎಂಬುದನ್ನು ಅವರು ಎರಡು ಸಲ ಹೇಳಿದರು.

ಮನೆಗೆ ಬಂದು ಅವ್ವನಿಗೆ ಇದನ್ನೆಲ್ಲ ಒಪ್ಪಿಸಿದೆ. ಔಷಧಿಯ ಮಾತಿಗೆಲ್ಲ ತಲೆದೂಗಿದಳು. ಗುಣವಾದವನ್ನು ತಿಂದು ಮುಗಿಸುವ ಮಾತಿಗೆ ಮಾತ್ರ, "ಆ ಡಾಕುಟ್ರಿಗೆ ಎಣ್ಣುಮಕ್ಳು ಇಲ್ಲ ಅಂತ ಕಾಣ್ತದೆ" ಎಂದಳು. ಮೂರು ವಾರ ಅವಳೂ ನಾನೂ ಬೆಳಿಗ್ಗೆ ಸಂಜೆ ಕೋಳಿಯ ಕಣ್ಣು ತೊಳೆದೆವು. ಒಂಬತ್ತು ಬದುಕಿದವು. ಕಣ್ಣು ತೆರೆದವು, ಕೆದಕಿದವು, ಕೂಗಿದವು. ಅವು ಹಾಗೆ ಲಕ್ಷಣವಾಗಿ ಓಡಾಡುವಾಗ ಕುಯ್ಯಬೇಕು ಎಂದು ಹೇಳುವುದು ನನಗೂ ಹಿಂಸೆಯಾಗಿತ್ತು. ಕೊನೆಗೆ ಅವ್ವನನ್ನು ಒಪ್ಪಿಸಿದ್ದು ನಾನಲ್ಲ, ಪಕ್ಕದ ಮನೆಯವರ ಎರಡು ಪಟ್ಟೆಗಳು. ದಿನವೂ ನಮ್ಮ ಅಂಗಳದ ಕಾಳಿಗೆ ಬರುತ್ತಿದ್ದ ಆ ಎಳೆ ಕೋಳಿಗಳು ನಮ್ಮವಕ್ಕೆ ವಾಸಿಯಾದ ಮೇಲೆ ಸೀನತೊಡಗಿದವು. ಅವ್ವ ಜಗಲಿಯಲ್ಲಿ ಕೂತು ಅದನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಬೆಳಿಗ್ಗೆ ಈಳಿಗೆಮಣೆ ತೆಗೆದಳು. ಪಕ್ಕದ ಮನೆಯವರೂ ತಮ್ಮವನ್ನು ಸಾರು ಮಾಡಿ ಮುಗಿಸಿದರು. ಆ ವಾರ ನಮ್ಮ ಮನೆಗೆ ಬಂದ ನೆಂಟರು ಪುಣ್ಯವಂತರು.

ಹಿತ್ತಿಲಿನ ತುದಿಯಲ್ಲಿ ತೆಂಗಿನ ಗರಿ ಕಟ್ಟಿ, ಕಬ್ಬಿನ ಸೋಗೆ ಹೊದಿಸಿ ನಾನೊಂದು ಗುಡಿಸಲು ಹಾಕಿದೆ. ಬಸರಾಳಿನ ಸೋದರಮಾವ ತಂದುಕೊಟ್ಟ ಆರು ಕೋಳಿಗಳನ್ನು ಅದರೊಳಗೆ ಬಿಟ್ಟೆ. ಮಾವ ಮುಖ ಊದಿಸಿಕೊಂಡ. ಆದರೆ ಅವನು ಅವ್ವನ ಸ್ವಂತ ತಮ್ಮ, ಅವಳ ಕೈಯಲ್ಲಿ ಒದೆ ತಿಂದು ಬೆಳೆದವನು. "ಪಿಲೇಗು ಬಂದಾಗ ನಾವೆಲ್ಲ ಒಲದಲ್ಲಿ ಗುಡ್ಲು ಆಕ್ಕಂಡು ಇರ್ನಿಲ್ವೇನ್ಲಾ? ಅಂಗೇ ಕೋಳಿಗೂವೆ. ತೆಪ್ಪಗೆ ಉಂಡು ಓಗು" ಎಂದಳು. ಅವನು ತೆಪ್ಪಗೆ ಉಂಡು ಹೋದ. ನಾನು ಹದಿನೈದು ದಿನ ಅವಕ್ಕೆ ಬೇರೆ ಬಾನಿ, ಬೇರೆ ಕಾಳು, ಬೇರೆ ಪೊರಕೆ ಇಟ್ಟು, ಹೋಗುವಾಗ ಬರುವಾಗ ಕೈಕಾಲು ತೊಳೆದೆ. ಊರಿನಲ್ಲಿ ನನ್ನನ್ನು "ಕೋಳಿ ಡಾಕುಟ್ರು" ಎಂದು ಕರೆಯತೊಡಗಿದರು. ನನಗೆ ಹೆಣ್ಣು ನೋಡುತ್ತಿದ್ದ ಕಾಲ ಅದು. ಮದ್ದೂರು ಕಡೆಯ ಒಂದು ಸಂಬಂಧದವರು, ಹುಡುಗ ಸಂಜೆಯ ಹೊತ್ತು ಏನು ಮಾಡುತ್ತಾನೆ ಎಂದು ವಿಚಾರಿಸಿ, ಉತ್ತರ ಕೇಳಿ ಹಿಂದಕ್ಕೆ ಹೋದರು. ಹೋಗಲಿ. ಆರು ಕೋಳಿಗಳಲ್ಲಿ ಒಂದೂ ಸೀನಲಿಲ್ಲ. ಸುಣ್ಣ ಬಳಿದ ಗೂಡಿಗೆ ಅವು ಕಾಲಿಟ್ಟ ದಿನ ನಾನು ಜಿಲ್ಲೆಯನ್ನೇ ಗೆದ್ದವನಂತೆ ನಡೆದಾಡಿದೆ.

ಅದಾದ ವಾರಕ್ಕೆ ಜಯಿಗೆ ಹೆಣ್ಣು ಮಗು ಹುಟ್ಟಿತು. ಐದನೆಯ ದಿನ ಬೀಗಿತ್ತಿ ಬಂದರು. ಎರಡನೆಯ ಮಹಾಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಮಳವಳ್ಳಿಯಿಂದ ಮಂಡ್ಯಕ್ಕೆ ಬರುವಷ್ಟರಲ್ಲಿ ಅವರ ಬಿಳಿ ಸೀರೆ ಬೂದಿ ಬಣ್ಣಕ್ಕೆ ತಿರುಗಿತ್ತು. ಮಂಡ್ಯದಿಂದ ನಮ್ಮೂರಿಗೆ ಬಿಸಿಲಿನಲ್ಲಿ ನಡೆದೇ ಬಂದಿದ್ದರು. ಎರಡೂ ಕಂಕುಳಲ್ಲಿ ಒಂದೊಂದು ಕೋಳಿ: ಒಂದು ಕಪ್ಪು, ಒಂದು ಚುಕ್ಕೆಯದು. ಅವ್ವ ಕಾಲಿಗೆ ನೀರು ಕೊಟ್ಟಳು. ಬೀಗಿತ್ತಿ ಬಾಣಂತಿಯ ಕೋಣೆಯ ಹೊಸ್ತಿಲಾಚೆ ನಿಂತು, ಕತ್ತು ಉದ್ದ ಮಾಡಿ ಮೊಮ್ಮಗಳನ್ನು ನೋಡಿದರು. ಒಳಗೆ ಹೋಗುವಂತಿರಲಿಲ್ಲ. ಹೆರಿಗೆಯ ಮೈಲಿಗೆ, ನಮ್ಮ ಮಾತಿನಲ್ಲಿ ಪುರುಡು, ಹನ್ನೊಂದು ದಿನ ನಡೆಯಬೇಕು, ಸೂಲಗಿತ್ತಿ ಮತ್ತು ಅವ್ವನ ಹೊರತು ಯಾರೂ ಮುಟ್ಟಬಾರದು ಎಂಬುದು ಅವರ ಮನೆಯದೇ ಕಟ್ಟಳೆ. ನಮ್ಮ ಮನೆಯಲ್ಲಿ ಅಷ್ಟು ಬಿಗಿ ಇರಲಿಲ್ಲ. ಮೂರು ಸಲ ಹೇಳಿಕಳಿಸಿ ಬಿಗಿ ಮಾಡಿಸಿದವರು ಅವರೇ. ನೋಡಿ ಕಣ್ಣು ತುಂಬಿಕೊಂಡು, "ನಡಿಯಕ್ಕ, ಕೋಳಿ ಬುಟ್ಟುಬುಡವ" ಎಂದು ಗೂಡಿನ ಕಡೆ ತಿರುಗಿದರು.

ಗೂಡಿನ ಬಾಗಿಲಿಗೆ ಅಡ್ಡವಾಗಿ ನಾನು ನಿಂತಿದ್ದೆ.

"ಅತ್ತೆಮ್ಮ, ಬೈಕೊಬ್ಯಾಡಿ. ಇವು ಹದಿನೈದು ದಿನ ಆ ಗುಡ್ಲಲ್ಲಿರ್ಲಿ" ಎಂದೆ.

ಬೀಗಿತ್ತಿ ಗುಡಿಸಲನ್ನು ನೋಡಿದರು, ತಿಪ್ಪೆಯಿಂದ ಅದು ಎಷ್ಟು ದೂರವಿದೆ ಎಂದು ಅಳೆದರು, ನನ್ನನ್ನು ನೋಡಿದರು. "ಯಾಕಪ್ಪಾ? ನಮ್ ಕೋಳಿ ಏನ್ ಕಳ್ತನ ಮಾಡಿದ್ದವೇ?"

"ಹೋದ ಸಲದ್ದು ಸೀನ್ತಿತ್ತು. ಅದರಿಂದ ನಮ್ಮವು ಹನ್ನೊಂದೂ..."

"ಓಹೋಹೋ! ನನ್ ಕೋಳಿ ಬಂದು ನಿಮ್ಮನೆ ಆಳು ಮಾಡ್ತು ಅನ್ನು! ಕೇಳಿದ್ಯೇನಕ್ಕ ನಿನ್ ಮಗ ಆಡೋ ಮಾತಾ?"

ಅವ್ವ ಕೇಳಿದ್ದಳು. "ಇವತ್ತೊಂದಿನ ಬುಟ್ಟುಬುಡ್ಲಾ, ಕೈ ಮುಗಿತೀನಿ" ಎಂದು ನನ್ನ ತೋಳು ಹಿಡಿದಳು. ಚಿಕ್ಕಪ್ಪ ಜಗಲಿಯಿಂದಲೇ, "ಲೇ, ಎರಡಕ್ಷರ ಕಲ್ತಿದ್ಕೆ ಬೀಗರ ಮಾನ ಕಳೀತೀಯೇನ್ಲಾ? ತಕ್ಕೊ, ಒಂದೊಂದು ಪುಕ್ಕ ಚುಚ್ಚಿ ಒಳಕ್ಕೆ ಬುಡ್ತೀನಿ" ಎಂದ. ನಾನು ಕದಲಲಿಲ್ಲ. ಆರು ಕೋಳಿ ನನ್ನ ಬೆನ್ನ ಹಿಂದೆ ಇದ್ದವು. ಅವು ಹೋದರೆ ತಂಗಿಗೆ ಪುರುಡು ಕಳೆದ ಮೇಲೆ ಇಕ್ಕಲು ಏನೂ ಇರುತ್ತಿರಲಿಲ್ಲ. ಇಷ್ಟರಲ್ಲಿ ಬೀಗಿತ್ತಿ ಕೊನೆಯ ಅಸ್ತ್ರ ತೆಗೆದರು. "ನನ್ ಕೋಳಿಗೆ ಜಾಗ ಇಲ್ದಿರೋ ಮನೇಲಿ ನನ್ ಸೊಸೆಗೂ ಇಲ್ಲ. ನಾಳೆ ಒತ್ತಾರೆಗೆ ಗಾಡಿ ಕಟ್ಟುಸ್ತೀನಿ. ಬಾಣಂತನ ನಾವೇ ಮಾಡ್ಕತೀವಿ." ಅವ್ವ ಕುಸಿದು ಕೂತಳು. ಐದು ದಿನದ ಬಾಣಂತಿ, ಅಷ್ಟು ದೂರ, ಎತ್ತಿನ ಗಾಡಿ. ಇನ್ನರ್ಧ ಗಳಿಗೆ ಹೋಗಿದ್ದರೆ ಪಕ್ಕಕ್ಕೆ ಸರಿದುಬಿಡುತ್ತಿದ್ದೆನೋ ಏನೋ.

ಆಗ ಕೋಣೆಯೊಳಗಿಂದ ಜಯಿಯ ದನಿ ಬಂತು. ಅತ್ತೆಯ ಮುಂದೆ ತಲೆಯೆತ್ತಿ ಮಾತಾಡದ ಹುಡುಗಿ ಅದು.

"ಅತ್ತೆಮ್ಮಾ, ನಾನು ಎಲ್ಲಿದೀನಿ?"

"ಇದೇನವ್ವ ಇಂಗೆ ಕೇಳ್ತೀ? ಕೋಣೇಲಿದೀಯ."

"ಒಬ್ಳೇ ಯಾಕಿದೀನಿ?"

"ಪುರುಡು ಕಣವ್ವ. ಅನ್ನೊಂದು ದಿನ ಮುಟ್ಟಂಗಿಲ್ಲ."

"ನನ್ನ ಬೇರೆ ಕೂಡಾಕಿದ್ರೆ ನನ್ ತವರಿಗೆ ಅವಮಾನ ಆಯ್ತಾ? ನಿಮ್ ಮೊಮ್ಮಗಳ್ನ ನೀವೇ ಬಾಗ್ಲಲ್ಲಿ ನಿಂತು ನೋಡಿದ್ರಲ್ಲ, ಅವಳಿಗೆ ಅವಮಾನ ಆಯ್ತಾ? ನಮಗೆ ಅನ್ನೊಂದು, ಕೋಳಿಗೆ ಅದಿನೈದು. ನಿಮ್ ಕೋಳಿ ನನಗಿಂತ, ಈ ಕೂಸಿಗಿಂತ ಮೇಲಾ?"

ನನಗೆ ಡಾಕ್ಟರು ಅರ್ಧ ದಿನ ಹೇಳಿದ್ದನ್ನು ನನ್ನ ತಂಗಿ ಎದ್ದು ಕೂರದೆಯೇ ಹೇಳಿ ಮುಗಿಸಿದ್ದಳು. ಬೀಗಿತ್ತಿ ಕೋಣೆಯ ಕಡೆ ಒಮ್ಮೆ, ಗುಡಿಸಲಿನ ಕಡೆ ಒಮ್ಮೆ ನೋಡಿದರು. ಆಮೇಲೆ, "ಸರಿ. ಕೋಳಿಗೆ ಪುರುಡು ಅಂದ್ಮೇಲೆ ಆಯ್ತು. ಆದ್ರೆ ಎತ್ಕಂಡು ಬಂದೋಳು ನಾನು. ಅವು ಎಲ್ಲೋ ನಾನೂ ಅಲ್ಲೇ" ಎಂದು, ಎರಡು ಕೋಳಿಗಳನ್ನೂ ಕಂಕುಳಲ್ಲಿ ಇರುಕಿಕೊಂಡೇ ನಡೆದುಹೋಗಿ ಗುಡಿಸಲಿನ ಮುಂದೆ ಪಟ್ಟಾಗಿ ಕೂತರು. ಅಲ್ಲಿಗೇ ಎಲೆ ಅಡಿಕೆ ಹೋಯಿತು, ಅಲ್ಲಿಗೇ ಮುದ್ದೆ ಹೋಯಿತು. ಕತ್ತಲಾದ ಮೇಲೆ ಮಾತ್ರ ಬಂದು ಜಗಲಿಯಲ್ಲಿ ಮಲಗುತ್ತಿದ್ದರು, ಬೆಳಗಾದರೆ ಮತ್ತೆ ಗುಡಿಸಲು. ಊರ ಹೆಂಗಸರು ಒಬ್ಬೊಬ್ಬರಾಗಿ ಬಂದು ನೋಡಿ, ನನ್ನ ಕಡೆ ಒಂದು ನೋಟ ಬಿಟ್ಟು ಹೋಗುತ್ತಿದ್ದರು. ಬೀಗಿತ್ತಿಯನ್ನು ಕೋಳಿ ಗುಡಿಸಲಿನಲ್ಲಿ ಕೂರಿಸಿದ ಮನೆ ಎಂದು ಯಲಿಯೂರಿನವರೆಗೂ ಸುದ್ದಿ ಹೋಗಿತ್ತು. ಕಚೇರಿಯಲ್ಲಿಯೂ ಕೇಳಿದರು. ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: "ಇನ್ನು ಹನ್ನೆರಡು ದಿನ."

ನಾಲ್ಕನೆಯ ದಿನ ಬೆಳಿಗ್ಗೆ ಗುಡಿಸಲಿನ ಕಡೆಯಿಂದ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು. ಮೊದಲನೆಯದು ಸಣ್ಣದು, ಎರಡನೆಯದು ದೊಡ್ಡದು. ನಾನು ಓಡಿದೆ. ಬೀಗಿತ್ತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ನಂಗೆ ಸೀತ ಕಣಪ್ಪ. ಅಂಗೆ ಬಯಲಲ್ಲಿ ಕೂರ್ಸಿದ್ರೆ ಇನ್ನೇನಾಯ್ತದೆ?" ಎಂದರು. ಅವ್ವ ಹೌಹಾರಿ ಮೆಣಸು ಶುಂಠಿಯ ಕಷಾಯ ಕುದಿಸಿ ಚೊಂಬಿನ ತುಂಬ ಕೊಟ್ಟಳು. ಬೀಗಿತ್ತಿ ಮುಖ ಕಿವುಚಿ ಕುಡಿದರು. ಮಧ್ಯಾಹ್ನ ಮತ್ತೆ ಒಂದು ಸಣ್ಣ ಸೀನು, ಒಂದು ದೊಡ್ಡ ಸೀನು, ಒಂದು ಚೊಂಬು ಕಷಾಯ. ಸಂಜೆ ಮತ್ತೆ. ಮಾರನೆಯ ದಿನ ಸಣ್ಣ ಸೀನು ಹೆಚ್ಚಾಯಿತು, ದೊಡ್ಡ ಸೀನು ಅದರ ಹಿಂದೆ ಏದುಸಿರು ಬಿಡುತ್ತ ಓಡಿ ಬರುತ್ತಿತ್ತು. ಅವ್ವ ಕಷಾಯಕ್ಕೆ ಮೆಣಸು ಹೆಚ್ಚಿಸಿದಳು. ನನಗೆ ಎಲ್ಲ ತಿಳಿಯುತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ಅವು ಗುಡಿಸಲಿನಲ್ಲಿ ಇರುವವರೆಗೆ ಸೀನು ಯಾರದಾದರೂ ಆಗಿರಲಿ ಎಂದುಕೊಂಡೆ.

ಏಳನೆಯ ಚೊಂಬಿಗೆ ಬೀಗಿತ್ತಿ ಸೋತರು. ನನ್ನನ್ನು ಕೈಸನ್ನೆ ಮಾಡಿ ಕರೆದರು. ಚುಕ್ಕೆ ಕೋಳಿಯ ಒಂದು ಕಣ್ಣು ಮುಚ್ಚಿತ್ತು, ಕೆನ್ನೆ ಊದಿತ್ತು. "ನೋಡಪ್ಪ" ಎಂದರು, ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಬರೋವಾಗ ಇರ್ನಿಲ್ಲ ಕಣಪ್ಪ ಇದು. ನಮ್ಮಟ್ಟೀಲಿ ಒಂದೆರಡಕ್ಕೆ ಇತ್ತು. ಇವಕ್ಕೆ ಇರ್ನಿಲ್ಲ." ಗೂಡಿನ ಕಡೆ ತಿರುಗಿ, "ಒಳಗಿರೋವಕ್ಕೆ ತಗುಲಿರ್ತದಾ?" ಎಂದು ಕೇಳಿದರು.

"ಇಲ್ಲ ಅತ್ತೆಮ್ಮ. ದೂರ ಇತ್ತಲ್ಲ."

"ನಾನು ಬಾಗ್ಲತಾವ ನಿಂತಿದ್ನಲ್ಲ, ಕೂಸಿಗೆ?"

"ಕೂಸಿಗೆ ಬರಲ್ಲ. ಇದು ಕೋಳಿಗಳ ಕಾಯಿಲೆ."

ಅವರು ಎರಡು ಕೋಳಿಗಳನ್ನೂ ಆವತ್ತೇ ಹಿತ್ತಿಲಿನಲ್ಲೇ ಕುಯ್ಯಿಸಿದರು. ಪುಕ್ಕ, ಕರುಳನ್ನೆಲ್ಲ ತಾವೇ ಗುಂಡಿ ತೋಡಿ ಹೂತರು. ಗುಡಿಸಲಿಗೆ ತಾವೇ ಬೆಂಕಿ ಹಚ್ಚಿದರು. ಆಮೇಲೆ ನಾಲೆಗೆ ಹೋಗಿ ತಲೆಗೆ ಸ್ನಾನ ಮಾಡಿ ಬಂದು, ಒದ್ದೆ ಸೀರೆಯಲ್ಲೇ ಅವ್ವನ ಮುಂದೆ ನಿಂತು, "ಅಕ್ಕ, ಇನ್ಮೇಲೆ ಕಸಾಯ ಬ್ಯಾಡ" ಎಂದರು. ಸಣ್ಣ ಸೀನು ಯಾರದೆಂದು ಅವ್ವನಿಗೆ ಆಗ ಅರ್ಥವಾಯಿತು. ಇಬ್ಬರು ಹೆಂಗಸರೂ ಒರಳುಕಲ್ಲಿನ ಮೇಲೆ ಕೂತು ಕಣ್ಣೀರು ಬರುವಂತೆ ನಕ್ಕರು. ಪುರುಡು ಕಳೆದು, ಜಯಿ ಮೈ ನೀರು ಹಾಕಿಕೊಂಡು ಮಗುವಿನೊಡನೆ ನಡುಮನೆಗೆ ಬಂದ ಮೇಲೆ, ಆರು ಕೋಳಿಗಳೂ ಒಂದೊಂದಾಗಿ ಬಾಣಂತಿಯ ಸಾರಿಗೆ ಬಂದವು. ಮೊದಲ ದಿನದ ಸಾರನ್ನು ಬೀಗಿತ್ತಿ ತಾವೇ ತಿರುವಿ ನೋಡಿ, ನಾಲೆ ನೀರಿನ ಮಾತೆತ್ತದೆ ಎರಡು ಸಲ ಹಾಕಿಸಿಕೊಂಡರು. ಅವ್ವ ಅವರ ಎಲೆಯನ್ನೇ ನೋಡುತ್ತ ನಿಂತಿದ್ದಳು. ಹಾಗಾಗಿ, ಬೀಗಿತ್ತಿಯನ್ನು ಹಿತ್ತಿಲಿನಲ್ಲಿ ಕೂರಿಸಿದ ಮಹಾಪಾಪಿ ಎಂದು ನನ್ನನ್ನು ಈಗಲೂ ಅನ್ನುವ ಮುದುಕರು ಊರಿನಲ್ಲಿದ್ದಾರಲ್ಲ, ಅವರಿಗೆ ನನ್ನ ಉತ್ತರ ಆಗಿನದೇ. ಮತ್ತೆ ಅಂಥ ದಿನ ಬಂದರೆ ಮತ್ತೆ ಅಲ್ಲೇ ನಿಲ್ಲುತ್ತೇನೆ.

ಮರುವರ್ಷ ಜಯಿಯ ಮಗಳ ಮುಡಿ ತೆಗೆಸುವ ಶಾಸ್ತ್ರಕ್ಕೆ ನಾನು ಮೂರು ದಿನದ ರಜ ಹಾಕಿ ಮಳವಳ್ಳಿ ಕಡೆಯ ಆ ಊರಿಗೆ ಹೋದೆ. ತವರಿನ ಕಡೆಯಿಂದ ಎಂದು ಎರಡು ಒಳ್ಳೆಯ ಕೋಳಿ ತೆಗೆದುಕೊಂಡು ಹೋಗಿದ್ದೆ. ಬಸ್ಸಿನ ಇದ್ದಿಲ ಹೊಗೆಗೆ ಗಂಟಲು ಕಟ್ಟಿತ್ತು. ಅಂಗಳಕ್ಕೆ ಕಾಲಿಟ್ಟವನು ಕೆಮ್ಮಿದೆ. ಬೀಗಿತ್ತಿ ಬಾಗಿಲಿಗೆ ಬಂದರು. ಕೋಳಿಗಳನ್ನು ನೋಡಿದರು, ನನ್ನನ್ನು ನೋಡಿದರು. ಕ್ಷೇಮ ಸಮಾಚಾರವನ್ನೆಲ್ಲ ಅಲ್ಲಿಂದಲೇ ಕೇಳಿದರು. ಆಮೇಲೆ ಹುಣಿಸೆಮರದ ಕೆಳಗೆ ಹೊಸದಾಗಿ ಹಾಕಿಸಿದ್ದ ಗುಡಿಸಲಿನ ಕಡೆ ಕೈ ತೋರಿಸಿದರು. ಹೋಗಿ ಬಗ್ಗಿ ನೋಡಿದೆ. ಒಳಗೆ ನೆಲ ಸಾರಿಸಿ, ಕೋಳಿಗೆ ಬಾನಿಯಲ್ಲಿ ನೀರು ಇಟ್ಟಿತ್ತು. ಪಕ್ಕದಲ್ಲಿ ಒಂದು ಚಾಪೆ ಹಾಸಿತ್ತು. ಮೂರು ದಿನವೂ ಊಟ ಅಲ್ಲಿಗೇ ಬಂತು.